ತಕ್ಕಡಿಯ ಮೇಲಿದ್ದ ಮಾರ್ಟರ್ ಶೆಲ್

2023ರ ಅಕ್ಟೋಬರ್‌ನಲ್ಲಿ ನಾನು ಮಸ್ಕತ್‌ನ ಒಂದು ಪರಂಪರೆ ಸಂರಕ್ಷಣಾ ಸಂಸ್ಥೆಯಲ್ಲಿ ಡಾಕ್ಯುಮೆಂಟೇಶನ್ ಆಫೀಸರ್ ಆಗಿದ್ದೆ. ಮ್ಯೂಸಿಯಂನ ಪ್ರತಿಯೊಂದು ವಸ್ತುವನ್ನು ಅಳೆದು, ತೂಗಿ, ಎಲ್ಲ ಬದಿಗಳಿಂದ ಫೋಟೋ ತೆಗೆಸಿ ದಾಖಲಿಸುವುದು ನನ್ನ ಕೆಲಸ. ಆ ತಿಂಗಳು ನಮ್ಮನ್ನು ದಕ್ಷಿಣದ ದೋಫಾರ್ ಪ್ರಾಂತ್ಯಕ್ಕೆ ಕಳುಹಿಸಿದ್ದರು. ಅಲ್ಲಿ ಅರವತ್ತರ ದಶಕದಿಂದ ಎಪ್ಪತ್ತರ ದಶಕದ ನಡುವಿನವರೆಗೆ ಅಂತರ್ಯುದ್ಧ ನಡೆದಿತ್ತು. ಬೆಟ್ಟಗಳಲ್ಲಿ ಬಂಡುಕೋರರು, ಕರಾವಳಿಯಲ್ಲಿ ಸುಲ್ತಾನರ ಸೈನ್ಯ. ಆ ಕಾಲದ ಕೋಟೆಗಳು, ಕಾವಲು ನೆಲೆಗಳು, ಹಳ್ಳಿಗರು ತಮ್ಮ ಮನೆಗಳಲ್ಲೇ ಮಾಡಿಕೊಂಡ ಪುಟ್ಟ ಮ್ಯೂಸಿಯಂಗಳು, ಎಲ್ಲವನ್ನೂ ನೋಡಿ ವರದಿ ಬರೆಯಬೇಕಿತ್ತು. ನನ್ನ ಜೊತೆಗಿದ್ದವನು ಫೋಟೋಗ್ರಾಫರ್ ವಿಲ್ಸನ್, ಉಡುಪಿ ಕಡೆಯವನು.

ಮೊದಲು ಮಿರ್ಬಾತ್‌ನಲ್ಲಿ, 1972ರಲ್ಲಿ ಬಂಡುಕೋರರ ದಾಳಿಯನ್ನು ಎದುರಿಸಿದ ಕೋಟೆಯನ್ನು ನೋಡಿದೆವು. ಆ ಊರಿನ ಒಬ್ಬ ಸಂಗ್ರಾಹಕರ ಬಳಿಯಿದ್ದ, ಸಣ್ಣ ಫಿರಂಗಿಯಿಂದ ಹಾರಿಸುವ ಮಾರ್ಟರ್ ಶೆಲ್ ಒಂದನ್ನೂ ದಾಖಲಿಸಿದೆ. ಸಿಡಿಮದ್ದು ತೆಗೆದ ಖಾಲಿ ಶೆಲ್. ತೂಕ ಎರಡೂವರೆ ಕಿಲೋ.

ಮರುದಿನ ಬೆಟ್ಟದ ತಪ್ಪಲಿನ ಹಳ್ಳಿಯಲ್ಲಿ ಸಲೀಂ ಎಂಬ ವೃದ್ಧರ ಮನೆಗೆ ಹೋದೆವು. ಯುದ್ಧದಲ್ಲಿ ಅವರು ಸುಲ್ತಾನರ ಕಡೆ, ಅವರ ಅಣ್ಣ ಬಂಡುಕೋರರ ಕಡೆ. ಅಣ್ಣ ಬೆಟ್ಟದಿಂದ ಮರಳಲೇ ಇಲ್ಲ. ಅತಿಥಿಗಳನ್ನು ಕೂರಿಸುವ ಮಜ್ಲಿಸ್ ಕೋಣೆಯೇ ಅವರ ಮ್ಯೂಸಿಯಂ. ಕಾಫಿ, ಖರ್ಜೂರ ಆದಮೇಲೆ ಗೂಡಿನಿಂದ ಒಂದು ಮಾರ್ಟರ್ ಶೆಲ್ ತಂದು ನಮ್ಮ ಮುಂದಿಟ್ಟರು.

"ಇದು ನನ್ನ ಅಣ್ಣ ಬೆಟ್ಟದಿಂದ ಕಳಿಸಿದ ಸಲಾಂ. ಅಂಗಳದಲ್ಲಿ ಬಿತ್ತು, ಸಿಡಿಯಲಿಲ್ಲ. ಒಳಗೆ ಅಮ್ಮ ಇದ್ದಳು. ಅಮ್ಮ ಇರುವ ಮನೆಗೆ ಮದ್ದು ತುಂಬಿ ಕಳಿಸುತ್ತಾನೆಯೇ? ಬರೀ ಪೊಳ್ಳು!"

ಮನೆಗೆ ಬಂದವರೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡುವುದು ಅಲ್ಲಿನ ರೂಢಿಯಾಗಿತ್ತು. ವಿಲ್ಸನ್ ಅದನ್ನು ತಿರುಗಿಸಿ ತಿರುಗಿಸಿ ಫೋಟೋ ತೆಗೆದು, ಕೊನೆಗೆ ನನ್ನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟ. ಮೂರು ಕಿಲೋ ದಾಟಿತ್ತು. ಹಿಂದಿನ ದಿನ ನೋಡಿದ ಖಾಲಿ ಶೆಲ್ಲಿನದೇ ಬಗೆ, ಅದೇ ಅಳತೆ; ತೂಕ ಮಾತ್ರ ಅರ್ಧ ಕಿಲೋಗೂ ಹೆಚ್ಚು. ಬಗ್ಗಿ ನೋಡಿದೆ. ಶೆಲ್ಲನ್ನು ಸಿಡಿಸುವ ಫ್ಯೂಸ್ ಅದರ ಮೂತಿಯಲ್ಲಿ ಹಾಗೆಯೇ ಇತ್ತು.

"ವಿಲ್ಸನ್, ಮೆಲ್ಲ ಎದ್ದು ಹೊರಗೆ ಹೋಗು" ಎಂದೆ.

"ಎಂತ ಮಾರಾಯ್ತಿ? ಲೈಟ್ ಈಗ ಸರಿಯಾಗಿ ಬಂತು."

"ಅದರಲ್ಲಿ ಮದ್ದು ಉಂಟು ಅಂತ ಕಾಣ್ತದೆ."

"ಯೇಸುವೇ! ನಾನು ಅದನ್ನು ಮಗುವಿನ ಹಾಗೆ ತೊಡೆ ಮೇಲೆ ಮಲಗಿಸಿದ್ದೆನಲ್ಲ!"

ನಮಗೆ ತರಬೇತಿಯಲ್ಲಿ ಕಲಿಸಿದ ನಿಯಮ ಸರಳ: ಮುಟ್ಟಬೇಡಿ, ಕದಲಿಸಬೇಡಿ, ಎಲ್ಲರನ್ನೂ ದೂರ ಕಳುಹಿಸಿ, ಪೊಲೀಸರಿಗೆ ತಿಳಿಸಿ. ವಿಲ್ಸನ್ ಹೊರಗೆ ಹೋಗಿ ಫೋನ್ ಮಾಡಿದ. ನಾನು ಸಲೀಂ ಅವರಿಗೆ ಅರಬ್ಬಿಯಲ್ಲಿ ವಿಷಯ ಹೇಳಿದೆ. ಅವರು ಮಾತ್ರ ಏಳಲಿಲ್ಲ.

"ಪೊಳ್ಳು ಎಂದು ಅಮ್ಮ ಸಾಯುವವರೆಗೂ ಹೇಳಿದಳು. ನಿನ್ನ ತಕ್ಕಡಿ ನನ್ನ ಅಣ್ಣನನ್ನು ಕೊಲೆಗಾರ ಎನ್ನುತ್ತದೆಯೇ? ಕೊಡು, ಅದನ್ನು ಒಳಗಿಡುತ್ತೇನೆ."

ಅವರು ಶೆಲ್ಲಿನ ಕಡೆಗೆ ಕೈ ಚಾಚಿದರು. "ಅಜ್ಜಾ, ದಯವಿಟ್ಟು ಮುಟ್ಟಬೇಡಿ. ಒಂದೇ ನಿಮಿಷ" ಎಂದು ಬೇಡಿಕೊಂಡೆ. ಕೈ ನಿಂತಿತು. ನಾನು ಪರದೆ ಸರಿಸಿ ಹೆಂಗಸರ ಕೋಣೆಗೆ ಹೋದೆ. ಹೊರಗಿನ ಗಂಡಸು ಅಲ್ಲಿಗೆ ಕಾಲಿಡುವ ಹಾಗಿರಲಿಲ್ಲ. ಸಲೀಂ ಅವರ ಹೆಂಡತಿ ಮೊಮ್ಮಕ್ಕಳಿಗೆ ಊಟ ಬಡಿಸುತ್ತಿದ್ದರು. ವಿಷಯ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ನಿನಗೆ ಖಚಿತವೇ?"

"ಇಲ್ಲ. ಆದರೆ ಪರೀಕ್ಷಿಸಿ ನೋಡುವಂಥದ್ದಲ್ಲ."

ಅವರು ಮಜ್ಲಿಸ್ ಬಾಗಿಲಿಗೆ ಬಂದು ನಿಂತರು. "ಸಲೀಂ, ಮಕ್ಕಳನ್ನು ಕರೆದುಕೊಂಡು ನಾನು ಹೊರಟೆ. ನೀನು ಆ ಕಬ್ಬಿಣದ ಜೊತೆ ಸಂಸಾರ ಮಾಡು."

"ಊಟ?"

"ಊಟವೂ ನನ್ನ ಜೊತೆ ಬರುತ್ತದೆ. ಯಲ್ಲಾ, ನಡೆಯಿರಿ ಮಕ್ಕಳೇ!"

"ಖಲಾಸ್, ಖಲಾಸ್, ಸಾಕು" ಎನ್ನುತ್ತ ಸಲೀಂ ಮೊಣಕಾಲು ಹಿಡಿದು ಎದ್ದರು. ಅವರ ಹಿಂದೆಯೇ ನಾನೂ ಹೊರಬಂದೆ. ಬೀದಿಯ ಕೊನೆಯ ಮನೆಯ ನೆರಳಿನಲ್ಲಿ ಕುಳಿತು ಎಲ್ಲರೂ ಅದೇ ಊಟ ಮಾಡಿದೆವು. ವಿಲ್ಸನ್ ಎರಡು ಸಲ ಅನ್ನ ಹಾಕಿಸಿಕೊಂಡ.

ಪ್ರಾಂತ್ಯದ ಮುಖ್ಯ ನಗರ ಸಲಾಲಾದಿಂದ ಪೊಲೀಸರ ಸ್ಫೋಟಕ ತಂಡ ಬಂತು. ಶೆಲ್ ಅನ್ನು ದೂರದ ನಿರ್ಜನ ಕಣಿವೆಗೆ ಒಯ್ದರು. ಸಂಜೆಗೆ ಮುಂಚೆ ಆ ಕಡೆಯಿಂದ ಸದ್ದು ಬಂತು. ನಾನು ಎಣಿಸಿದ್ದಕ್ಕಿಂತ ಬಹಳ ದೊಡ್ಡ ಸದ್ದು. ಮೇಯುತ್ತಿದ್ದ ಒಂಟೆಗಳು ತಲೆಯೆತ್ತಿದವು. ಹಿಂದಿರುಗಿದ ಅಧಿಕಾರಿ, ಅಷ್ಟು ಸದ್ದು ಅದನ್ನು ಸಿಡಿಸಲು ತಾವಿಟ್ಟ ಸ್ಫೋಟಕ ಒಂದರದ್ದೇ ಅಲ್ಲ, ಶೆಲ್ಲಿನೊಳಗೆ ಮದ್ದು ಪೂರ್ತಿ ಇತ್ತು ಎಂದು ತಿಳಿಸಿದರು. ಮನೆಗೆ ಯಾವ ತೊಂದರೆಯೂ ಇಲ್ಲ, ಮ್ಯೂಸಿಯಂ ನಡೆಸಬಹುದು ಎಂದೂ ಹೇಳಿದರು.

ಆದರೆ ಸಲೀಂ ಅವರತ್ತ ನೋಡಲು ನನಗೆ ಧೈರ್ಯವಿರಲಿಲ್ಲ. ನಮ್ಮ ಪ್ರಾಣ ಉಳಿಸಿದ ತಕ್ಕಡಿಯ ಅದೇ ಸಂಖ್ಯೆ ಅವರ ಅಣ್ಣನನ್ನು ಕಸಿದುಕೊಂಡಿತು ಎನ್ನಿಸಿತ್ತು. ಅವರು ಕಣಿವೆಯ ಹೊಗೆ ನೋಡುತ್ತಿದ್ದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. ಮುಖ ಹಗುರವಾಗಿತ್ತು.

"ಕೇಳಿದೆಯಾ? ಒಳಗೆ ಮದ್ದಿತ್ತು. ಹಾಗಾದರೆ ಅದನ್ನು ಹಾಕಿದವನು ಬೇರೆ ಯಾರೋ. ಅಣ್ಣ ಅಲ್ಲ."

"ಅಲ್ಲವೇ ಅಲ್ಲ" ಎಂದರು ಆಕೆ.

ಆ ರಾತ್ರಿ ವರದಿಯಲ್ಲಿ ಶೆಲ್ಲಿನ ಅಳತೆ, ತೂಕ, ನಾಶಪಡಿಸಿದ ವಿವರ ಬರೆದೆ. 'ಹಾರಿಸಿದವರು' ಎಂಬ ಕಾಲಂನಲ್ಲಿ 'ತಿಳಿದಿಲ್ಲ' ಎಂದು ತುಂಬಿದೆ. ವಸ್ತುವಿನ ಬಗ್ಗೆ ನನಗೆ ತಿಳಿದದ್ದನ್ನು ತಪ್ಪಿಲ್ಲದೆ ಹೇಳಬೇಕು, ತಿಳಿಯದಿದ್ದ ಕಡೆ ಅಲ್ಲಿಗೇ ನಿಲ್ಲಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಆ ದಿನ ಎರಡನ್ನೂ ಮಾಡಲು ಸಾಧ್ಯವಾಯಿತು.