ಪರಸಿ ಕಲ್ಲಿನ ಮೇಲೆ ತೊಂಬತ್ತಾರು ಡಿಗ್ರಿ

ಏಪ್ರಿಲ್ ೧೭, ಶುಕ್ರವಾರ, ಬೆಳಿಗ್ಗೆ ೧೦.೨೦. ಲ್ಯಾಪ್‌ಟಾಪ್ ಮೊದಲ ಸಲ ತಾನಾಗಿ ಆರಿ, ಪರದೆ ಕಪ್ಪಾಯಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಗ್ರಾಫಿಕ್ಸ್ ಚಿಪ್ ೯೫ ಡಿಗ್ರಿ, ಫ್ಯಾನ್ ಶೇಕಡ ೬೦, ಮುಗಿದ ಕೆಲಸ ಕಾಲು ಭಾಗ.

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಸಾಹುಕಾರರು ನನಗೊಂದು ಕೆಲಸ ಕೊಟ್ಟಿದ್ದರು. ಜಹೀರಾಬಾದಿನ ಗಿರಾಕಿಯೊಬ್ಬರ ಹೊಸ ಮನೆಗೆ ಇವರ ಕಲ್ಲು ಹಾಸಿದರೆ ಹೇಗೆ ಕಾಣುತ್ತದೆಂದು ಎರಡು ನಿಮಿಷದ ವಿಡಿಯೊದಲ್ಲಿ ತೋರಿಸಬೇಕು. ಗಿರಾಕಿ ಬರುವುದು ಶನಿವಾರ ಸಂಜೆ ನಾಲ್ಕಕ್ಕೆ. ಮೆಚ್ಚಿದರೆ ಇಂಥ ಕೆಲಸವೆಲ್ಲ ಇನ್ನು ನನಗೆ, ತಪ್ಪಿದರೆ ಹೈದರಾಬಾದಿನವರಿಗೆ. ಚಿತ್ರಗಳನ್ನೆಲ್ಲ ರೆಂಡರ್ ಮಾಡಿ ವಿಡಿಯೊ ಕಟ್ಟಲು ನನ್ನ ಲ್ಯಾಪ್‌ಟಾಪಿಗೆ ಎಂಟು ತಾಸು ಬೇಕು. ಆರು ತಾಸಿಗೆ ಮುಗಿಯಲೆಂದು ಚಿಪ್ಪಿನ ವೇಗವನ್ನು ಕಂಪನಿ ಇಟ್ಟ ಮಿತಿಗಿಂತ ಮೇಲೇರಿಸಿದ್ದೆ. ನಡುವೆ ಆರಿದರೆ ಮತ್ತೆ ಮೊದಲಿನಿಂದ.

೧೦.೩೦ಕ್ಕೆ ಫ್ಯಾನನ್ನು ಪೂರ್ತಿ ನೂರಕ್ಕೆ ಇಟ್ಟೆ. ಅವ್ವ ಅಡುಗೆಮನೆಯಿಂದ ಇಣುಕಿದಳು.

"ಏನವಾ, ಮನ್ಯಾಗ ಹಿಟ್ಟಿನ ಗಿರಣಿ ಚಾಲೂ ಮಾಡೀ ಏನು?"

"ಮಷಿನ್ ಕಾದದವ್ವ."

"ಕಾದ್ರ ಪರಸಿ ಮ್ಯಾಲ ಇಡು. ಅಷ್ಟು ಶಾಣ್ಯಾಕಿ, ಇಷ್ಟು ತಿಳೀವಲ್ದು."

ನಮ್ಮಲ್ಲಿ ಬಿಸಿಯಾದದ್ದೆಲ್ಲ ಹೋಗುವುದು ಪರಸಿ ಕಲ್ಲಿನ ನೆಲಕ್ಕೇ. ಕಾಸಿದ ಹಾಲಿನ ಪಾತ್ರೆಯನ್ನು ಅಲ್ಲಿಡುತ್ತೇವೆ, ಮಧ್ಯಾಹ್ನ ನೀರು ಚಿಮುಕಿಸಿ ಒರೆಸಿ ನಾವೂ ಅಲ್ಲೇ ಮಲಗುತ್ತೇವೆ. ೧೨.೦೫ಕ್ಕೆ ಎರಡನೆಯ ಸಲ ಆರಿದ ಮೇಲೆ ನಾನೂ ನೆಲ ಒರೆಸಿ, ಒಣಗಿಸಿ, ಲ್ಯಾಪ್‌ಟಾಪನ್ನು ಹಾಸಿಗೆಯಿಂದ ಇಳಿಸಿ, ತಳ ಕಲ್ಲಿಗೆ ತಾಗುವಂತೆ ಇಟ್ಟೆ. ಮೊದಲ ಹತ್ತು ನಿಮಿಷ ಎರಡು ಡಿಗ್ರಿ ಇಳಿಯಿತು. ಆಮೇಲೆ ಏರತೊಡಗಿತು. ೯೦, ೯೩, ೯೬. ಆರಿತು.

ಆ ದಿನ ಒಟ್ಟು ಐದು ಸಲ ಆರಿತು. ಪ್ರತಿ ಐದು ನಿಮಿಷಕ್ಕೆ ಬಗ್ಗಿ ನೋಡುವುದು, ಬರೆಯುವುದು, ಅಂಗಳಕ್ಕೆ ಹೋಗಿ ಬರುವುದು. ಊಟಕ್ಕೆ ಕುಳಿತರೂ ಕಿವಿ ಫ್ಯಾನಿನ ಕಡೆಗೇ. ಕಲ್ಲು ಬಿಸಿಯಾಗಿದೆಯೆಂದು ಎರಡು ಸಲ ಜಾಗ ಬದಲಿಸಿದೆ. ತಪ್ಪು ತಣ್ಣನೆಯ ಕಲ್ಲಿನದೇ ಇರಬಹುದೆಂಬ ಅನುಮಾನ ಒಮ್ಮೆಯೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ೬.೪೦ಕ್ಕೆ ಕಾಕಾ ಬಂದರು. ಅಪ್ಪನ ತಮ್ಮ, ಕುರಿ ಸಾಕುವವರು. ಕುರಿ ಬಿಡುವ ಮೊದಲು ನಮ್ಮಲ್ಲಿ ಚಹಾ. ಮತ್ತೆ ಓಡಿಸಿದ್ದ, ಜೋರಾಗಿ ಒದರುತ್ತಿದ್ದ ಲ್ಯಾಪ್‌ಟಾಪಿನ ಪಕ್ಕದ ಸಂದಿಗೆ ಅಂಗೈ ಹಿಡಿದರು.

"ಇಷ್ಟು ಒದರಲತ್ತದ, ಗಾಳಿನೇ ಬರವಲ್ದು. ಇದು ಉಸ್ರು ಎಲ್ಲಿಂದ ತಗೋತದ?"

ಎತ್ತಿ ತಿರುವಿ ತೋರಿಸಿದೆ. ಗಾಳಿ ಒಳಗೆಳೆಯುವ ತೂತುಗಳೆಲ್ಲ ತಳದಲ್ಲಿದ್ದವು.

"ಮೂಗು ನೆಲಕ್ಕ ಒತ್ತಿ ಓಡು ಅಂದ್ರ ಹ್ಯಾಂಗ ಓಡ್ತದ? ನನ್ನ ಕುರಿಗಿ ಭಿ ಇಷ್ಟು ಬುದ್ಧಿ ಅದ."

"ಪರಸಿ ಮ್ಯಾಲ ಇಡು ಅಂದಾಕಿ ನಾ. ನನಗ ಬೈರಿ," ಎಂದಳು ಅವ್ವ.

"ನಿಮಗ ಬೈದ್ರ ಚಹಾ ಸಿಗ್ತದೇನ್ರಿ ವೈನಿ?"

ಹಿತ್ತಲಿನಿಂದ ಪರಸಿಯ ನಾಲ್ಕು ತುಂಡು ತಂದು ನಾಲ್ಕು ಮೂಲೆಯ ಕೆಳಗೆ ಕೊಟ್ಟೆ. ಹೆಚ್ಚಿಗೆ ಏರಿಸಿದ್ದ ವೇಗದಲ್ಲಿ ಅರ್ಧ ಇಳಿಸಿ, ಫ್ಯಾನನ್ನು ಶೇಕಡ ೮೦ಕ್ಕೆ ಇಟ್ಟೆ. ಶುರು ೭.೦೦. ಒಂದು ತಾಸಿಗೆ ೮೧ ಡಿಗ್ರಿ. ಏಳು ತಾಸಿನಲ್ಲಿ ಮುಗಿದರೆ ಎರಡೂವರೆಯ ಬಸ್ಸು ಸಿಗುತ್ತದೆ. ೧೧ಕ್ಕೆ ೮೩. ಒಂದಕ್ಕೆ ೮೭, ಆಗ ನಾನು ಕುಳಿತಲ್ಲಿ ಕುಳಿತಿರಲಿಲ್ಲ. ೨.೦೪ಕ್ಕೆ ಮುಗಿಯಿತು.

ಕಾರ್ಖಾನೆಯಲ್ಲಿ ಗಿರಾಕಿ ಎರಡು ಸಲ ನೋಡಿದರು. "ಅಂಚಿಗೆ ಹಳದಿ ಬ್ಯಾಡ, ನೀಲಿ ಹಾಕ್ರಿ," ಎಂದರು. ಸಾಹುಕಾರರು ನನ್ನ ಕಡೆ ತಿರುಗಿ, "ಸೋಮವಾರ ತರ್ತೀರಲ್ರಿ? ನಾರಾಯಣಖೇಡದ್ದೊಂದು ಮನಿ ಭಿ ಅದ," ಎಂದರು.

ಕೆಲಸ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. ಆಮೇಲೆ ಒಂಬತ್ತು ಸಲ ಓಡಿಸಿದ್ದೇನೆ. ಕಲ್ಲಿನ ತುಂಡು ಅವೇ, ಫ್ಯಾನ್ ೮೦. ಆದರೂ ಏಳು ಸಲ, ಐದನೆಯ ತಾಸು ದಾಟಿದ ಮೇಲೆ, ನಾಲ್ಕೈದು ಡಿಗ್ರಿ ಒಮ್ಮೆಲೇ ಜಿಗಿದಿದೆ. ಮಧ್ಯಾಹ್ನದ ಬಿಸಿಲು ಎನ್ನೋಣವೆಂದರೆ ಅದರಲ್ಲಿ ಮೂರು ಸಲ ಶುರು ಮಾಡಿದ್ದೇ ಮಧ್ಯಾಹ್ನ. ಒಳಗೆ ಕಲ್ಲಿನ ಧೂಳು ಕೂತಿದೆಯೋ, ಶಾಖ ಸಾಗಿಸಲು ಚಿಪ್ಪಿನ ಮೇಲೆ ಬಳಿದ ಪೇಸ್ಟ್ ಒಣಗಿದೆಯೋ ತಿಳಿಯದು. ಬಿಚ್ಚಲು ಕೈ ಬರುತ್ತಿಲ್ಲ. ಇದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ಲ್ಯಾಪ್‌ಟಾಪ್ ಯಾವುದರ ಮೇಲೆ ಕೂತಿರುತ್ತದೆ ಎಂಬುದನ್ನೂ ಬರೆಯಿರಿ.