ಪರ್ಮಿಷನ್ ಬೇಕು ಅಂದವಳು ನಾನೊಬ್ಬಳೇ

ಆಗ ನನಗೆ ಅರವತ್ನಾಲ್ಕು. ನಾಲ್ಕು ವರ್ಷದ ಹಿಂದಿನ ಮಾತು. ತುಮಕೂರಿನ ಮರಳೂರಲ್ಲಿ ತೆಂಗಿನ ತೋಟಗಳಿಗೆ ಡ್ರಿಪ್ ಪೈಪು ಹಾಕಿಕೊಡುವ ಒಂದು ಆಫೀಸಿತ್ತು. ಅಲ್ಲಿ ಕಸ ಗುಡಿಸಿ, ಟೀ ಕಾಯಿಸಿ, ಲೋಟ ತೊಳೆಯುವುದು ನನ್ನ ಕೆಲಸ. ಓದಿದ್ದು ಎರಡನೇ ಕ್ಲಾಸು. ಸಹಿ ಹಾಕುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಅಷ್ಟು ಸಾಕಾಗಿತ್ತು.

ಆ ಆಫೀಸಿನಲ್ಲಿ ಪರ್ಮಿಷನ್ ಅಂದರೆ ಒಂದೇ ಅರ್ಥ, ಕೆಲಸದ ನಡುವೆ ಒಂದೆರಡು ಗಂಟೆ ಹೊರಗೆ ಹೋಗಿಬರುವುದು. ಅದನ್ನು ಕೊಡಬೇಕಾದವನು ಹೆಡ್ ಕ್ಲರ್ಕು. ಕೊಡುತ್ತಿರಲಿಲ್ಲ.

ಗುಬ್ಬಿಯಲ್ಲಿ ನನ್ನ ಅಕ್ಕ ಇದ್ದಳು. ಒಂದು ಕಣ್ಣು ಹೋಗಿ ವರ್ಷವಾಗಿತ್ತು, ಇನ್ನೊಂದಕ್ಕೆ ಪೊರೆ ಬಂದಿತ್ತು. ಸೋಮವಾರ ಮಧ್ಯಾಹ್ನ ಅಲ್ಲಿನ ಆಸ್ಪತ್ರೆಯಲ್ಲಿ ಆಪರೇಷನ್ ಅಂದಿದ್ದರು. ಮನೆಯವರು ಒಬ್ಬರು ಬಂದು ಸಹಿ ಹಾಕದಿದ್ದರೆ ಕಣ್ಣು ಮುಟ್ಟುವುದಿಲ್ಲ, ಆ ಡಾಕ್ಟರು ಮತ್ತೆ ಬರುವುದು ಮೂರು ತಿಂಗಳಿಗೆ. ಅಕ್ಕನಿಗೆ ಇರುವವಳು ನಾನೊಬ್ಬಳೇ.

“ಸೋಮವಾರ ಪರ್ಮಿಷನ್ ಬೇಕು ಸಾರ್” ಅಂದೆ.

“ಸೋಮವಾರ ಮೀಟಿಂಗ್ ಐತೆ. ಟೀ ಯಾರು ಕಾಯಿಸ್ತಾರೆ, ನಿಮ್ಮಕ್ಕನಾ?” ಅಂದ ಹೆಡ್ ಕ್ಲರ್ಕು.

ಅದೇ ವಾರ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬಂತು. ಅದಕ್ಕೆ ಮೊದಲು ಯಾರ ಫೈಲನ್ನು ಯಾರು ಬೇಕಾದರೂ ತೆಗೆಯಬಹುದಿತ್ತು. ಹಾಗೆ ತೆಗೆದ ಯಾರೋ ಒಂದು ತೋಟದ ನಕ್ಷೆಯ ಮೇಲೆ ಇನ್ನೊಂದು ತೋಟದ ನಕ್ಷೆ ಕೂರಿಸಿಬಿಟ್ಟಿದ್ದರು. ಸಿ.ಎಸ್. ಪುರದಲ್ಲಿ ಬೋರ್‌ವೆಲ್ಲೇ ಇಲ್ಲದ ಮೂಲೆಗೆ ಪೈಪು ಎಳೆದು ಬಂದಿದ್ದರು. ಇನ್ನು ಮೇಲೆ ಯಾರು ಯಾವ ಫೈಲು ನೋಡಬಹುದು, ಯಾರು ತಿದ್ದಬಹುದು ಅನ್ನುವುದನ್ನು ಸಾಫ್ಟ್‌ವೇರೇ ಕಾಯುತ್ತದೆ ಅಂದರು. ಅದನ್ನು ಹಾಕಲು ಬಂದ ಇಂಜಿನಿಯರಮ್ಮ ಎಲ್ಲರ ಹೆಸರಿದ್ದ ಒಂದು ಕಾಗದ ಕೊಟ್ಟು, ತುಂಬಿಡಿ ಅಂದಳು. ಹೆಸರಿನ ಮುಂದೆ ಇದ್ದದ್ದು ಇಷ್ಟೇ: ಪರ್ಮಿಷನ್ ಬೇಕೇ? ಎಷ್ಟು?

ಹೆಡ್ ಕ್ಲರ್ಕು ದನಿ ತಗ್ಗಿಸಿದ. “ಯಾರ್ಯಾರು ಆಚೆ ತಿರುಗ್ತಾರೆ ಅಂತ ಯಜಮಾನ್ರು ಚೆಕ್ ಮಾಡ್ತಾವ್ರೆ ಕಣ್ರೋ. ಎಲ್ರೂ ಬೇಡ ಅಂತ ಬರೀರಿ.”

ಎಲ್ಲರೂ ಬೇಡ ಅಂತ ಬರೆದರು. ಅವನೂ ಬರೆದ. ಕೊನೆಯಲ್ಲಿ ನನ್ನ ಹೆಸರಿತ್ತು.

“ನಿಂಗೆ ಬೇಕೇನಜ್ಜಿ?”

“ಬೇಕು.”

“ಎಷ್ಟು?”

“ಪೂರ್ತಿ.”

ಎಲ್ಲರೂ ನಕ್ಕರು. ಅವನು ನಗುತ್ತಲೇ ಬರೆದ. ಇಂಜಿನಿಯರಮ್ಮ ಕಾಗದದಲ್ಲಿ ಇದ್ದ ಹಾಗೆ ಮಾಡಿದಳು. ನನಗೆ ಪಾಸ್‌ವರ್ಡ್ ಒತ್ತಲು ಬರುವುದಿಲ್ಲ ಅಂತ ಹೆಬ್ಬೆಟ್ಟು ತಗೊಂಡಳು. ಬಲಗೈದು ಪಾತ್ರೆ ಉಜ್ಜಿ ಸವೆದಿತ್ತು. ಎಡಗೈದನ್ನು ಮೆಷಿನ್ನು ಹಿಡಿಯಿತು.

ಸೋಮವಾರ ಬೆಳಿಗ್ಗೆ ಯಾವ ಕಂಪ್ಯೂಟರ್ ಒತ್ತಿದರೂ ಫೈಲು ತೆಗೆಯಲು ಪರ್ಮಿಷನ್ ಇಲ್ಲ ಅಂತ ಬಂತು. ಕುಣಿಗಲ್ ಆಚೆ ಮಾರ್ಕೋನಹಳ್ಳಿಯ ಒಂದು ತೋಟದಲ್ಲಿ ಪೈಪಿನವರು ನಕ್ಷೆಗೆ ಕಾಯುತ್ತಾ ಕೂತಿದ್ದರು. ಹೆಡ್ ಕ್ಲರ್ಕು ಇಂಜಿನಿಯರಮ್ಮನಿಗೆ ಫೋನು ಮಾಡಿದ. ಅವಳ ದನಿ ನನಗೂ ಕೇಳಿಸಿತು.

“ನೀವೇ ಬೇಡ ಅಂತ ಬರ್ದಿದೀರಲ್ಲ ಸಾರ್? ಬೇಕು ಅಂದಿರೋರು ಒಬ್ರೇ. ಅವ್ರು ಹೆಬ್ಬೆಟ್ಟು ಇಟ್ರೆ ಉಳಿದೋರಿಗೆಲ್ಲ ಕೊಡಬಹುದು.”

ಅವನು ನನ್ನ ಕಡೆ ತಿರುಗಿದ. ನಾನು ಕಕ್ಕಸಿನ ಬ್ರಶ್ಶು ಹಿಡಿದು ನಿಂತಿದ್ದೆ.

“ಬಾರಜ್ಜಿ, ಬೆರಳಿಡು.”

ಕೈ ತೊಳೆದು ಬಂದು ಇಟ್ಟೆ. ಕೆಂಪು ದೀಪ. ಸೆರಗಿಗೆ ಒರೆಸಿ ಇಟ್ಟೆ. ಕೆಂಪು. ಅವನೇ ಸೋಪು ತಂದುಕೊಟ್ಟ. ಮತ್ತೆ ಕೆಂಪು. ಗಂಟೆ ಹನ್ನೊಂದಾಯಿತು.

“ಅದೇನಜ್ಜಿ ನಿನ್ ಬೆರಳು, ಗೀಟೇ ಇಲ್ವಲ್ಲ!”

“ನಿಮ್ ಲೋಟ ತೊಳ್ದು ತೊಳ್ದು ಹೋಗವೆ ಸಾರ್. ಅದಿರ್ಲಿ, ನನ್ ಪರ್ಮಿಷನ್ ಏನಾಯ್ತು?”

“ಮೊದ್ಲು ಇದಾಗ್ಲಿ ಬುಡು.”

“ಅಕ್ಕನ ಯೋಚ್ನೆಗೆ ಬೆರಳು ಬೆವರ್ತದೆ. ಚೀಟಿ ಬರ್ಕೊಡಿ, ನೋಡಾಣ.”

ಮಾರ್ಕೋನಹಳ್ಳಿಯಿಂದ ಮತ್ತೆ ಫೋನು ಬಂತು. ಅವನು ಪೆನ್ನು ತೆಗೆದು ಎರಡು ಗಂಟೆ ಅಂತ ಬರೆದ.

“ನಾಳೆ ಹತ್ತು ಗಂಟೆ ತನಕ ಬರೀರಿ.”

“ಅದು ಪರ್ಮಿಷನ್ ಅಲ್ಲ ಕಣಜ್ಜಿ, ರಜಾ!”

“ಪೂರ್ತಿ ಅಂತ ನೀವೇ ಬರ್ದಿದೀರಲ್ಲ?”

ಬರೆದ. ಸಹಿ ಹಾಕಿ ಸೀಲು ಒತ್ತಿದ. ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡು ಎಡಗೈ ಹೆಬ್ಬೆಟ್ಟು ಇಟ್ಟೆ. ಹಸಿರು ದೀಪ ಬಂತು. ಅಲ್ಲಿಯ ತನಕ ಬಲಗೈದೇ ಇಡುತ್ತಿದ್ದೆ. ಮರೆತು ಅಲ್ಲ. ಇಂಜಿನಿಯರಮ್ಮ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಅವನು ಎಲ್ಲರಿಗೂ ಪರ್ಮಿಷನ್ ಕೊಟ್ಟು, ಕೊನೆಗೆ ನನ್ನದನ್ನು ತೆಗೆದುಹಾಕಿದ. ಚೀಟಿ ತೆಗೆಯಲು ಆಗಲಿಲ್ಲ.

ಬಸ್ಸು ಸಿಕ್ಕಿತು. ಗುಬ್ಬಿಯ ಆಸ್ಪತ್ರೆಯಲ್ಲಿ ನರ್ಸು ಕಾಗದ ಮುಂದೆ ಹಿಡಿದು, “ಹೆಬ್ಬೆಟ್ಟಾ, ಸಹಿನಾ?” ಅಂದಳು.

“ಸಹಿ” ಅಂದೆ. ಹೆಬ್ಬೆಟ್ಟಿನ ಸಹವಾಸ ಆ ದಿನಕ್ಕೆ ಸಾಕಾಗಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಕ್ಕನ ಕಣ್ಣಿನ ಪಟ್ಟಿ ಬಿಚ್ಚಿದರು. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಏನ್ಲೇ, ಇಷ್ಟು ಮುದ್ಕಿ ಆಗೋಗಿದೀಯ?” ಅಂದಳು. “ಕಣ್ಮುಚ್ಕೊಂಡು ಮಲ್ಕೊಳೇ” ಅಂದು ಬಸ್ಸು ಹತ್ತಿದೆ. ಹತ್ತಕ್ಕೆ ಐದು ನಿಮಿಷ ಇರುವಾಗ ಆಫೀಸಿಗೆ ಹೋದೆ. ಹಿಂದಿನ ದಿನದ ಮೀಟಿಂಗಿನ ಲೋಟಗಳು ಹಾಗೇ ಬಿದ್ದಿದ್ದವು. ಟೀ ಯಾರು ಕಾಯಿಸಿದರು ಅಂತ ಕೇಳಲಿಲ್ಲ. ಕೂತು ಎಲ್ಲವನ್ನೂ ತೊಳೆದೆ, ಬಲಗೈಯಲ್ಲೇ.