ಶಾಮಲಾ ಕೈಕಟ್ಟಿ ಕುಳಿತ ದಿನ

ನಮ್ಮ ಪಕ್ಕದ ಮನೆಯ ಶಾಮಲಾಗೆ ಸುಮ್ಮನೆ ಕೂಡುವುದನ್ನು ಯಾರೂ ಕಲಿಸಿಲ್ಲ. ಬೈಲಹೊಂಗಲದ ಕಡೆಯ ಹುಡುಗಿ. ಮದುವೆಯಾಗಿ ಪುಣೆ ಹತ್ತಿರದ ತಳೇಗಾಂವಕ್ಕೆ ಬಂದಳು. ಗಂಡ ಅಪ್ಪಾಸಾಹೇಬ ಚಾಕಣದ ಒಂದು ಕಾರ್ಖಾನೆಯಲ್ಲಿ ಕಾರಕೂನ. ಹರಟೆಗೆಂದು ನಮ್ಮ ಮನೆಗೆ ಬಂದರೂ ಮಾತಾಡುತ್ತಲೇ ನನ್ನ ಮೆಂತೆಪಲ್ಯ ಸೋಸಿ, ಒಣಗಿದ ಬಟ್ಟೆ ಮಡಚಿಟ್ಟು ಹೋಗುತ್ತಾಳೆ. "ಕೂಡವಾ ಸ್ವಲ್ಪ" ಎಂದರೆ "ಕೂಡ್ತೀನೇಳ್ರಿ ಕಾಕೂ" ಎನ್ನುತ್ತ ನಿಂತೇ ಇರುತ್ತಾಳೆ.

ಅವಳ ಮಗಳು ಶರ್ವರಿಗೆ ಏಳು ವರ್ಷ. ಹುಟ್ಟಿದಾಗ ಉಸಿರು ತಡವಾಗಿ ಬಂತು, ಅದರಿಂದ ಕಾಲು ಬಿಗಿ. ಮಾತು ಕಡಿಮೆ, ನಗು ಭಾಳ. ಇಂಥ ಮಕ್ಕಳಿಗಾಗಿ ನಮ್ಮ ಕಾಲನಿಯ ಹಿಂದೆ ಸರಕಾರದ ಅನುದಾನದ ಶಾಲೆಯೊಂದಿದೆ. ಮಗಳನ್ನು ಎತ್ತಿಕೊಂಡು ಶಾಮಲಾ, ಚೀಲ ಹಿಡಿದುಕೊಂಡು ನಾನು, ದಿನಾ ಹೋಗುತ್ತೇವೆ. ಅಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಥೆರಪಿಸ್ಟ್ ಒಬ್ಬರಿದ್ದರು. ಸರಕಾರದ ಪಗಾರ ತಡವಾಗಿ ಬಂದೂ ಬಂದೂ ಬೇಸತ್ತು ಪುಣೆಯ ವಿಮಾನ ನಗರದ ಆಸ್ಪತ್ರೆಯೊಂದಕ್ಕೆ ಹೋಗಿಬಿಟ್ಟರು. ಆ ಹುದ್ದೆ ಖಾಲಿ ಬಿತ್ತು. ಉಳಿದವರು ಮುಖ್ಯಸ್ಥೆ ಶೀತಲ್ ಬಾಯಿ, ಆಯಾ ರೇಣು.

ಡಾಕ್ಟರು ಶಾಮಲಾಗೆ ಬಿಚ್ಚಿ ಹೇಳಿದ್ದರು. ಬಲ್ಲವರು ವ್ಯಾಯಾಮ ಮಾಡಿಸಿದರೆ ಈ ಹುಡುಗಿ ಆಸರೆ ಹಿಡಿದು ನಿಲ್ಲುತ್ತಾಳೆ, ತಡಮಾಡಿದರೆ ಕಾಲು ಇನ್ನೂ ಬಿಗಿಯುತ್ತದೆ. "ಓಡೂದೇನ್ ಬ್ಯಾಡ್ರಿ ಕಾಕೂ, ಒಮ್ಮೆ ನಿಂತರ ಸಾಕು" ಎನ್ನುತ್ತಿದ್ದಳು.

ಥೆರಪಿಸ್ಟ್ ಹೋದ ಮೇಲೆ, ನೋಡಿ ಕಲಿತಷ್ಟನ್ನು ಅವಳೇ ಮಾಡಿಸತೊಡಗಿದಳು. ತನ್ನ ಮಗಳಿಗಷ್ಟೇ ಅಲ್ಲ, ಎಲ್ಲ ಮಕ್ಕಳಿಗೂ. ಅವಳನ್ನು ನೋಡಿ ಬೇರೆ ತಾಯಂದಿರೂ ಊಟ ಮಾಡಿಸುವುದಕ್ಕೆ, ಬಟ್ಟೆ ಬದಲಿಸುವುದಕ್ಕೆ ನಿಂತರು.

ಹೋದ ವರ್ಷ ಪುಣೆಯಿಂದ ಸುರಭಿ ಮ್ಯಾಡಮ್ ತಪಾಸಣೆಗೆ ಬಂದರು. ಖಾಲಿ ಹುದ್ದೆಯನ್ನು ಯಾವ ಶಾಲೆಯಲ್ಲಿ ಮೊದಲು ತುಂಬಬೇಕು ಎಂದು ನೋಡಿ ಹೇಳುವವರು ಅವರೇ. ಆದರೆ ನಮ್ಮ ಹೆಂಗಸರ ಕಣ್ಣಿಗೆ ಅವರು ಮನೆಗೆ ಬಂದ ಬೀಗರಿದ್ದಂತೆ. ಬೀಗರ ಮುಂದೆ ಮನೆಯ ಗೋಳು ಹರವುವುದುಂಟೆ? ನೆಲ ತೊಳೆದರು, ಮುರಿದ ಗಾಲಿಕುರ್ಚಿಯನ್ನು ಹಿತ್ತಲಿಗೆ ಸಾಗಿಸಿದರು, ರಂಗೋಲಿ ಹಾಕಿದರು. ಶಾಮಲಾ ಇಳಕಲ್ಲ ಸೀರೆ ಉಟ್ಟು ಮಕ್ಕಳ ಕಾಲು ನೀವಿದ್ದೇ ನೀವಿದ್ದು. ಮ್ಯಾಡಮ್ ಅವಳು ಮಾಡಿ ತಂದ ಗೋದಿ ಹುಗ್ಗಿ ತಿಂದು ಸಂತೋಷದಿಂದ ಹೋದರು. ಆಮೇಲೆ ಇಲಾಖೆಯ ಉತ್ತರ ಬಂತು: ಇಲ್ಲಿ ಎಲ್ಲ ಚೆನ್ನಾಗಿ ನಡೆದಿದೆ, ಹುದ್ದೆ ತುಂಬುವ ಅವಸರವಿಲ್ಲ.

"ಹುಗ್ಗಿ ಅಷ್ಟ ಅಲ್ಲ, ಹುದ್ದೀನೂ ತಿಂದು ಹೋದ್ರಲಾ ನಿಮ್ಮ ಮ್ಯಾಡಮ್ಮು!" ಎಂದು ಅಪ್ಪಾಸಾಹೇಬ ಹೆಂಡತಿಯನ್ನು ಕಾಡಿಸಿದ. ಅವಳು ನಗಲಿಲ್ಲ. ಮಗಳ ಕಾಲು ಬಿಗಿಯುತ್ತಿರುವುದು ಅವಳ ಕೈಗೆ ತಿಳಿಯುತ್ತಿತ್ತು.

ಈ ವರ್ಷ ಮತ್ತೆ ತಪಾಸಣೆ ಎಂದಾಗ ಶೀತಲ್ ಬಾಯಿ ಎಲ್ಲರನ್ನೂ ಕೂಡಿಸಿದರು. ಶಾಲೆಯಲ್ಲಿ ಮಾತೆಲ್ಲ ಮರಾಠಿಯಲ್ಲಿ, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಈ ಸಲ ಮುರಿದದ್ದು ಮುರಿದಲ್ಲೇ ಇರಲಿ. ಹುಗ್ಗಿ ಬ್ಯಾಡ. ತಾಯಂದಿರು ಯಾರೂ ಏನೂ ಮುಟ್ಟಬ್ಯಾಡ್ರಿ, ಬೆಂಚಿನ ಮ್ಯಾಲೆ ಕೂತಿರ್ರಿ" ಎಂದರು ಶೀತಲ್ ಬಾಯಿ.

ಎಲ್ಲರೂ ಶಾಮಲಾಳ ಕಡೆ ನೋಡಿದರು. "ಇಕಿ ಕೂಡಾಕಿ ಅಲ್ರಿ" ಎಂದೆ ನಾನು.

"ಶರ್ವರಿ ಸಂಬಂಧ ಕೂಡ್ತೀನಿ!" ಶಾಮಲಾಗೆ ಸಿಟ್ಟು ಬಂತು. ಆಮೇಲೆ ಮೆಲ್ಲಗೆ ನನ್ನ ಕಿವಿಯಲ್ಲಿ, "ಕಾಕೂ, ನೀವು ನನ್ನ ಸೆರಗ ಗಟ್ಟಿ ಹಿಡಕೊಂಡಿರ್ರಿ" ಎಂದಳು.

ಮ್ಯಾಡಮ್ ಬಂದದ್ದು ಮಕ್ಕಳ ಊಟದ ಹೊತ್ತಿಗೆ. ಶೀತಲ್ ಬಾಯಿಯ ತೊಡೆಯ ಮೇಲೊಂದು ಮಗು, ಪಕ್ಕದಲ್ಲಿ ಇನ್ನೊಂದು. ರೇಣು ಒಬ್ಬನಿಗೆ ಅನ್ನ ಉಣಿಸುವಷ್ಟರಲ್ಲಿ ಇನ್ನೊಬ್ಬ ತಾಟು ಮಗುಚಿದ. ಶಾಮಲಾ ಬೆಂಚಿನ ಮೇಲೆ ಕೈಕಟ್ಟಿ ಕುಳಿತಿದ್ದಳು. ಪಾದ ಮಾತ್ರ ಹೊಲಿಗೆ ಮಶೀನು ತುಳಿದ ಹಾಗೆ ಕುಣಿಯುತ್ತಿತ್ತು.

"ಕಾಕೂ, ಓಂಕಾರ ಕುರ್ಚಿಯಿಂದ ಜಾರಾಕತ್ತಾನ."

"ಜಾರ್ಲಿ. ಕೂಡು."

"ಬೀಳ್ತಾನ್ರಿ!"

"ರೇಣು ನೋಡ್ತಾಳ."

ರೇಣು ನೋಡಲಿಲ್ಲ. ಸೆರಗಿನ ಪಿನ್ನು ಕಿತ್ತ ಸದ್ದಾಯಿತು. ನನ್ನ ಕೈಯಲ್ಲಿ ಸೆರಗಿನ ನೂಲು ನಾಲ್ಕು ಎಳೆ ಉಳಿದವು, ಶಾಮಲಾಳ ತೋಳಿನಲ್ಲಿ ಓಂಕಾರ.

ಮ್ಯಾಡಮ್ ಮುಖ ಅರಳಿತು. "ಅಯ್ಯ, ನೀವು ಹೋದ ವರ್ಷದ ಹಂಗಾಮಿ ಥೆರಪಿಸ್ಟ್ ಬಾಯಿ ಅಲ್ಲೇನು?"

ಶೀತಲ್ ಬಾಯಿ ಕಣ್ಣು ಮುಚ್ಚಿಕೊಂಡರು. ಇನ್ನೊಂದು ವರ್ಷ ಹೋಯಿತೆಂದೇ ನಾನೂ ಅಂದುಕೊಂಡೆ.

"ಅಲ್ರಿ ಮ್ಯಾಡಮ್. ನಾ ಶರ್ವರಿ ಅವ್ವ" ಎಂದಳು ಶಾಮಲಾ. ಅಷ್ಟರಲ್ಲಿ ಹಸಿದ ಶರ್ವರಿ ಆ ಮೂಲೆಯಿಂದ ಕೂಗಿದಳು. ಶಾಮಲಾಳ ಕೈ ತುಂಬಿತ್ತು. ಆಚೆ ಈಚೆ ನೋಡಿದಳು. ಬೆಂಚಿನ ಮೇಲಿನ ನಾವು ಮುಟ್ಟುವಂತಿಲ್ಲ, ಶೀತಲ್ ಬಾಯಿ, ರೇಣು ಇಬ್ಬರ ಕೈಯೂ ಖಾಲಿ ಇಲ್ಲ. "ಸ್ವಲ್ಪ ಹಿಡೀರಿ" ಎಂದು ಓಂಕಾರನನ್ನು ಮ್ಯಾಡಮ್ ಮಡಿಲಿಗೆ ಹಾಕಿ ಮಗಳ ಕಡೆ ಓಡಿದಳು.

ಓಂಕಾರ ಗಟ್ಟಿಮುಟ್ಟಾದ ಹುಡುಗ. ಮ್ಯಾಡಮ್ ಅವನ ಸಮೇತ ಜಮಖಾನೆಯ ಮೇಲೆ ಕುಸಿದರು. ಅವರ ಫೋನು ರಿಂಗಾಯಿತು, ಎತ್ತಲಾಗಲಿಲ್ಲ. ಸ್ವಲ್ಪ ಹೊತ್ತು ಕಾದು ಕೇಳಿದರು, "ಇವನನ್ನ ತಗೊಳ್ಳಾಕ ಯಾರು ಬರ್ತಾರ?"

"ಯಾರೂ ಇಲ್ರಿ" ಎಂದರು ಶೀತಲ್ ಬಾಯಿ.

ಊಟ ಮುಗಿಯುವ ತನಕ ಮ್ಯಾಡಮ್ ಏಳಲಿಲ್ಲ. ಓಂಕಾರ ಅವರ ತೋಳಿಗೆಲ್ಲ ಬೇಳೆ ಬಳಿದು ಖುಷಿಪಟ್ಟ. ಕೊನೆಗೆ ಅವರಿಗೂ ನಗು ಬಂತು. "ಹೋದ ವರ್ಷ ಇದನ್ನ ಯಾಕ ತೋರಿಸಲಿಲ್ಲ?"

"ಮನೀಗೆ ಬಂದವ್ರಿಗೆ ಹೆಂಗ್ರಿ ತೋರಸೂದು?" ಎಂದಳು ಶಾಮಲಾ.

"ನಮ್ಮ ಮನೀನೂ ಹಂಗ ತಗೀರಿ. ಅತ್ತಿ ಬರ್ತಾರಂದ್ರ ಹರವಿದ ಪಸಾರ ಎಲ್ಲಾ ಕಪಾಟಿನಾಗ ತುರುಕ್ತೀನಿ" ಎಂದರು ಮ್ಯಾಡಮ್. ನೀವು ಎಲ್ಲಿ ತುರುಕಿದ್ದೀರಿ, ಅದನ್ನೂ ತೋರಿಸಿರೆಂದು ತಾವೇ ಎದ್ದು ಹಿತ್ತಲಿಗೆ ಹೋದರು. ಥೆರಪಿಸ್ಟ್ ತಕ್ಷಣ ಬೇಕು, ಇನ್ನೊಬ್ಬ ಆಯಾ ಬೇಕು ಎಂದು ಅಲ್ಲೇ ನಿಂತು ಬರೆದುಕೊಂಡರು.

ಎರಡನೆಯ ಆಯಾ ಇನ್ನೂ ಬಂದಿಲ್ಲ, ಶೀತಲ್ ಬಾಯಿ ಇಲಾಖೆಯ ಬೆನ್ನು ಬಿಟ್ಟಿಲ್ಲ. ಥೆರಪಿಸ್ಟ್ ಕೇತಕಿ ಮಾತ್ರ ಮಳೆಗಾಲ ಮುಗಿಯುವ ಮೊದಲೇ ಬಂದಳು. ಶಾಮಲಾ ಮಾಡಿಸುತ್ತಿದ್ದುದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಮೊದಲ ದಿನವೇ ಹೇಳಿದಳು. "ಹಂಗಾರ ಸರಿ ಕಲಸ್ರಿ" ಎಂದು ಶಾಮಲಾ ಪಕ್ಕದಲ್ಲೇ ಕುಕ್ಕರಿಸಿದಳು.

ದೀಪಾವಳಿಯ ಹಿಂದಿನ ವಾರ ಕೇತಕಿ ಶರ್ವರಿಯ ಕೈಗಳನ್ನು ಹಿಡಿದು ನಿಲ್ಲುವ ಜೋಡಿಕಂಬಿಯ ಮೇಲಿಟ್ಟು, ಸೊಂಟಕ್ಕೆ ಕೊಟ್ಟಿದ್ದ ತನ್ನ ಆಸರೆಯನ್ನು ಮೆಲ್ಲಗೆ ತೆಗೆದಳು. ಮೊಣಕಾಲು ನಡುಗಿತು, ಬಾಗಿತು, ಮತ್ತೆ ನೆಟ್ಟಗಾಯಿತು. ಶರ್ವರಿ ನಿಂತಳು! ನಿಂತು, ತನ್ನ ಕೆಲಸಕ್ಕೆ ತಾನೇ ಕಿಲಕಿಲ ನಕ್ಕಳು.

ಶಾಮಲಾ ತನ್ನ ಬಾಯಿಗೆ ಕೈ ಹಚ್ಚಿ ಮಗಳನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು.

"ಕಾಕೂ, ಇಕಿ ಎಷ್ಟ್ ಎತ್ತರ ಅದಾಳ್ರೀ! ತೊಡಿ ಮ್ಯಾಲೆ ಇದ್ದಾಗ ಗೊತ್ತ ಆಗಿದ್ದಿಲ್ಲ. ಲಂಗ ಎಲ್ಲಾ ಗಿಡ್ಡ ಆಗ್ಯಾವ ನೋಡ್ರಿ!"

ಅಂದು ಸಂಜೆಯೇ ಶರ್ವರಿಯನ್ನು ಎತ್ತಿಕೊಂಡು ಪೇಟೆಗೆ ಹೋದೆವು, ಉದ್ದನೆಯ ಲಂಗಕ್ಕೆ ಅರಿವೆ ಆರಿಸಲು.